ನಾಲ್ಕನೇ ತಿರುಪು

ಇಪ್ಪತ್ತೆಂಟು ವರ್ಷ ಸೊಸೈಟಿಯ ಕೌಂಟರಿನಲ್ಲಿ ಕೂತು
ನೋಟುಗಳನ್ನು ಬೆಳಕಿಗೆ ಹಿಡಿದವನು ನಾನು.
ಖೋಟಾ ಎಂದರೆ ಬೆರಳಿಗೇ ಗೊತ್ತಾಗುತ್ತದೆ,
ಕಣ್ಣು ಆಮೇಲೆ ಬರುತ್ತದೆ, ಸಾಕ್ಷಿ ಹೇಳಲು.
ಅಂಥವನ ಮನೆಯ ಗೋಡೆಗೆ ಈಗ
ಹನ್ನೊಂದು ನಕಲಿ ಗಿಟಾರು.

ನಕಲಿ ಎನ್ನಲು ನನಗೇನೂ ನಾಚಿಕೆಯಿಲ್ಲ.
ಎಪ್ಪತ್ತರ ದಶಕದಲ್ಲಿ, ಜಪಾನಿನ ಯಾವುದೋ ಊರಲ್ಲಿ
ಅಮೆರಿಕದ ಗಿಟಾರೊಂದನ್ನು ಬಿಚ್ಚಿ ಹರಡಿಕೊಂಡು
ಅಳತೆ ತೆಗೆದು, ಅದರಂತೆಯೇ ಇನ್ನೊಂದು, ಅದರಂತೆಯೇ ಸಾವಿರ.
ತಲೆಯ ಮೇಲಿನ ಅಕ್ಷರದ ಸೊಟ್ಟವನ್ನೂ ಬಿಡಲಿಲ್ಲ:
ದೂರದಿಂದ ಅಮೆರಿಕ,
ಕನ್ನಡಕ ಹಾಕಿ ಓದಿದರೆ ಗ್ರೆಕೊ.
ಕೋರ್ಟಿಗೆ ಹೋದರಂತೆ. ಹೋಗಲಿ.
ಅಷ್ಟು ಹೊತ್ತಿಗೆ ಕಾಪಿ ಹೊಡೆದವರ ಕೈಬರಹ
ಮೇಷ್ಟರದ್ದಕ್ಕಿಂತ ದುಂಡಗಾಗಿತ್ತು.

ನನ್ನದೂ ಒಂದು ಹುಚ್ಚು ಕಾಯಿದೆ ಇದೆ:
ನಕಲಿಯಾದರೂ ಅದು ಅಸಲಿ ನಕಲಿಯಾಗಿರಬೇಕು.
ಅದೇ ಗುಂಡಿ, ಅದೇ ಬಿರಡೆ, ಅದೇ ತಿರುಪು.
ನಡುವೆ ಯಾರೋ ರಿಪೇರಿಯವನು ಕೈಯಾಡಿಸಿದ್ದರೆ
ಕಾಫಿ ಕುಡಿದು, ಕೈಮುಗಿದು ಎದ್ದುಬರುತ್ತೇನೆ.
ಮಗಳು ನಗುತ್ತಾಳೆ: ಕಳ್ಳನಿಗೂ
ಕ್ಯಾರೆಕ್ಟರ್ ಸರ್ಟಿಫಿಕೇಟಾ, ಪಪ್ಪಾ?

ಜನವರಿ. ಅಮ್ಮತ್ತಿಯಿಂದಾಚೆ ದೇಚಮ್ಮನವರ ತೋಟ.
ಕಣದ ತುಂಬ ಚೆರ್ರಿ. ಗಂಬೂಟು ಹಾಕಿಕೊಂಡು
ಯಾರಿಗೋ ಬೈಯುತ್ತಿದ್ದವರು ನನ್ನತ್ತ ತಿರುಗಿ,
"ಗೊಬ್ಬರದ ಕೋಣೆಯಲ್ಲಿದೆ ಲಾಜರ್, ನೀವೇ ನೋಡಿ,
ನನಗಿಲ್ಲಿ ಪಲ್ಪರ್ ನಿಂತುಹೋಗಿದೆ."

ಪೆಟ್ಟಿಗೆಯಲ್ಲಿ ಯಾವ ಕಾಲಕ್ಕೋ ಇಲಿ ಮರಿ ಹಾಕಿತ್ತು.
ಜೇನಿನ ಬಣ್ಣದ ಮೈ, ಮಸುಕಾಗಿಲ್ಲ.
ಎತ್ತಿದೆ, ತೂಕ ಇದೆ.
ಮಗುಚಿದೆ. ಕತ್ತಿನ ಬುಡಕ್ಕೆ ತಗಡು, ನಾಲ್ಕು ತಿರುಪು.
ಅಸಲಿಯಲ್ಲಿ ಕತ್ತನ್ನು ಅಂಟು ಹಾಕಿ ಕೂರಿಸಿರುತ್ತಾರೆ,
ಅಲ್ಲಿ ತಿರುಪಿಗೆ ಕೆಲಸವಿಲ್ಲ.

ಮಂದಣ್ಣ ಹಡಗಿನ ಎಂಜಿನಿಯರಾಗಿದ್ದವರು.
ಡಿಸೆಂಬರ್ ಮೂವತ್ತೊಂದಕ್ಕೆ ಕ್ಲಬ್ಬಿನಲ್ಲಿ ಇದನ್ನು ಹೆಗಲಿಗೇರಿಸಿ
"ನ್ಯೂಯಾರ್ಕಿನಲ್ಲಿ ಕೊಂಡೆ" ಎನ್ನುತ್ತಿದ್ದರು,
ಎಲ್ಲರೂ ಗ್ಲಾಸು ಎತ್ತುತ್ತಿದ್ದರು.
ನಾನು ಆಚೆ, ಬೇಲಿಯ ಕತ್ತಲಲ್ಲಿ,
ಅಪ್ಪನ ಸ್ವೆಟರಿನೊಳಗೆ ಕೈ ಅಡಗಿಸಿಕೊಂಡು ಹನ್ನೆರಡು ವರ್ಷದವನು.
ಆ ಸದ್ದಿನ ಬೆನ್ನು ಹಿಡಿದೇ
ಗೋಡೆಯ ಹನ್ನೊಂದೂ ಮನೆಗೆ ಬಂದದ್ದು.

ಬಾಗಿಲಲ್ಲಿ ದೇಚಮ್ಮ, ಕೈಯ ಗ್ರೀಸು ಒರೆಸುತ್ತ:
"ಅಸಲಿಯಾ?"
ಕೌಂಟರಿನಲ್ಲಿ ಎಷ್ಟು ಸಲ ಉತ್ತರಿಸಿಲ್ಲ ಇದಕ್ಕೆ,
ಮುಖ ನೋಡದೆ, ನೋಟನ್ನು ಮರಳಿ ತಳ್ಳುತ್ತ!
ಇಲ್ಲಿ ಗಂಟಲು ಕಟ್ಟಿತು.
ಅವರೇ ನಕ್ಕರು. "ಮದುವೆಯಾದ ವರ್ಷವೇ
ಕೋಟಿನ ಜೇಬಲ್ಲಿ ಚೀಟಿ ಸಿಕ್ಕಿತ್ತು. ಕೋಬೆ ಬಂದರಿನ ಅಂಗಡಿ.
ಯೆನ್ ಲೆಕ್ಕ.
ನಲವತ್ತೇಳು ವರ್ಷ ಬಾಯಿ ಬಿಟ್ಟಿಲ್ಲ ನಾನು.
ಗಿಟಾರು ಒಯ್ಯಿರಿ. ಚೀಟಿ ಕೊಡುವುದಿಲ್ಲ."

ರೇಟಿನಲ್ಲಿ ಮಾತ್ರ ಬಿಟ್ಟುಕೊಡಲಿಲ್ಲ,
ಕರಿಮೆಣಸು ಮಾರುವವರ ಹಾಗೆ ನಿಂತರು.

ವಿರಾಜಪೇಟೆಗೆ ತಂದು, ಬಲ್ಬಿನ ಕೆಳಗಿಟ್ಟು ಒರೆಸಿದೆ.
ಮೂರು ತಿರುಪು ಜಪಾನಿನವು.
ನಾಲ್ಕನೆಯದು ಕಪ್ಪು, ದಪ್ಪತಲೆ, ಕೊಂಚ ಓರೆ.
ಕೋವಿಯ ಹಿಡಿಯದ್ದು!
ಒಂದು ಎಲ್ಲೋ ಬಿದ್ದುಹೋದದ್ದಕ್ಕೆ
ಗೋಡೆಯ ಕೋವಿಯಿಂದ ಬಿಚ್ಚಿ ಹಾಕಿದ್ದಾನೆ ಪುಣ್ಯಾತ್ಮ.
ಕೈಲ್ ಮುಹೂರ್ತದ ದಿನ ನಳಿಗೆಗೆ ಹೂ ಸಿಕ್ಕಿಸುವಾಗ
ಹಿಡಿ ಲೊಟಲೊಟ ಎಂದಿರಬೇಕು.
ದೇಚಮ್ಮ ಅದಕ್ಕೂ ಬಾಯಿ ಬಿಟ್ಟಿರಲಿಕ್ಕಿಲ್ಲ.

ನನ್ನ ಡಬ್ಬಿಯಲ್ಲಿದೆ ಸರಿಯಾದ ತಿರುಪು,
ಒಸಾಕಾದಿಂದ ತರಿಸಿದ್ದು, ಅದೇ ವರ್ಷದ್ದು.
ಸ್ಕ್ರೂಡ್ರೈವರ್ ಹಿಡಿದು ಕೂತೆ.
ಕರೆಂಟು ಹೋಯಿತು. ಬಂತು.
ಡಬ್ಬಿಯ ಮುಚ್ಚಳ ಹಾಕಿದೆ.

ಹೊಸ ತಂತಿ ಹೂಡಿ, ಆಂಪ್ಲಿಫೈಯರ್ ಬಿಸಿಯಾಗುವತನಕ ಕಾದು
ದಪ್ಪ ತಂತಿಯೊಂದನ್ನೇ ಮೀಟಿದೆ.
ಮಗಳು ಒಳಗಿನಿಂದ: ಇದು ಯಾವ ಕಂಪನಿ ಪಪ್ಪಾ?
ಅಮ್ಮತ್ತಿಯದು, ಎಂದೆ.